ಉಳಿಕೆ ಹಲಗೆಯ ಮೇಜು

ಮನೆ ಕಟ್ಟಿ ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಮರದ ತುಂಡುಗಳ ಒಂದು ಸಣ್ಣ ರಾಶಿ ಉಳಿಯುತ್ತದೆ. ಪಕ್ಕಾಸಿನ ತುದಿ, ರೀಪಿನ ಚೂರು, ಬಾಗಿಲ ಚೌಕಟ್ಟಿಗೆ ಅಳತೆ ಸಾಲದೆ ಹೋದ ಹಲಗೆ, ಗಂಟು ಬಿದ್ದ ಕಾರಣಕ್ಕೆ ಬದಿಗೆ ಸರಿದ ಕಟ್ಟಿಗೆ. ಮನೆಯ ಯಜಮಾನನ ಕಣ್ಣಿಗೆ ಅದು ಬಚ್ಚಲೊಲೆಯ ಸೌದೆ. ಆದರೆ ಅನುಭವವುಳ್ಳ ಬಡಗಿ ಆ ರಾಶಿಯನ್ನು ಸುಮ್ಮನೆ ದಾಟಿ ಹೋಗುವುದಿಲ್ಲ. ಒಂದೊಂದೇ ತುಂಡನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಾನೆ. ಇದು ಕಾಲಿಗಾದೀತು, ಇದು ಅಡ್ಡಪಟ್ಟಿಗಾದೀತು ಎಂದು ಮನಸ್ಸಿನಲ್ಲಿಯೇ ಬೇರ್ಪಡಿಸುತ್ತಾನೆ. ವಾರ ಕಳೆಯುವಷ್ಟರಲ್ಲಿ ಆ ಮನೆಯ ಮಗುವಿಗೆ ಓದಿ ಬರೆಯಲು ಒಂದು ಮೇಜು ಸಿದ್ಧವಾಗಿರುತ್ತದೆ. ಇಂತಹ ಮೇಜುಗಳ ಇತಿಹಾಸವನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಬರೆದಿಟ್ಟ ಇತಿಹಾಸವುಳ್ಳ ಉಳಿಕೆ ಮರದ ಮೇಜೊಂದು ಅಮೆರಿಕದ ಶ್ವೇತಭವನಕ್ಕೆ ಸೇರಿದೆ. ಉತ್ತರ ಧ್ರುವದ ಹಿಮಸಾಗರದಲ್ಲಿ ಕಣ್ಮರೆಯಾದ ನಾವಿಕ ಫ್ರಾಂಕ್ಲಿನ್ನನ ತಂಡವನ್ನು ಹುಡುಕಲು ಹೊರಟ 'ರೆಸಲ್ಯೂಟ್' ಎಂಬ ಬ್ರಿಟಿಷ್ ಹಡಗು ಹಿಮದಲ್ಲಿ ಸಿಕ್ಕಿಕೊಂಡು, 1854ರಲ್ಲಿ ನಾವಿಕರು ಅದನ್ನು ಅಲ್ಲಿಯೇ ಬಿಟ್ಟು ಬಂದರು. ಮರುವರ್ಷ ಅಮೆರಿಕದ ತಿಮಿಂಗಿಲ ಬೇಟೆಗಾರರಿಗೆ ಅದು ತೇಲುತ್ತಾ ಸಿಕ್ಕಿತು. ಅಮೆರಿಕ ಸರಕಾರ ಅದನ್ನು ಕೊಂಡು, ರಿಪೇರಿ ಮಾಡಿಸಿ, 1856ರಲ್ಲಿ ಬ್ರಿಟನ್ನಿಗೆ ಮರಳಿಸಿತು. 1879ರಲ್ಲಿ ಹಡಗನ್ನು ಒಡೆದಾಗ ಅದರ ಓಕ್ ಮರದಿಂದ ವಿಕ್ಟೋರಿಯಾ ರಾಣಿ ಒಂದು ಮೇಜು ಮಾಡಿಸಿ, 1880ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಕೃತಜ್ಞತೆಯ ಕಾಣಿಕೆಯಾಗಿ ಕಳುಹಿಸಿದಳು. ಮುಂದೆ ಅದನ್ನು ಬಳಸಿದವರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬರು. ಪೋಲಿಯೋ ರೋಗದಿಂದ ಶಕ್ತಿಗುಂದಿದ ಕಾಲುಗಳಿಗೆ ತೊಟ್ಟಿದ್ದ ಲೋಹದ ಪಟ್ಟಿಗಳು ಎದುರಿನವರಿಗೆ ಕಾಣದಿರಲೆಂದು ಅವರು ಆ ಮೇಜಿನ ಮುಂಭಾಗಕ್ಕೆ ಒಂದು ಮರದ ಫಲಕವನ್ನು ಮಾಡಿಸಬಯಸಿದ್ದರು. ಫಲಕ ಬಂದು ಕೂರುವಷ್ಟರಲ್ಲಿ, 1945ರಲ್ಲಿ, ಅವರು ತೀರಿಕೊಂಡಿದ್ದರು.

ಅದೇ ಅಧ್ಯಕ್ಷರು 1942ರಲ್ಲಿ ಹಾಕಿದ ಒಂದು ಸಹಿಯಿಂದಾಗಿ ಅಮೆರಿಕದ ಮರುಭೂಮಿಗಳಲ್ಲಿ ಉಳಿಕೆ ಮರದ ಸಾವಿರಾರು ಮೇಜುಗಳು ಹುಟ್ಟಿಕೊಂಡವು. ಅವುಗಳನ್ನು ಮಾಡಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ಈ ಲೇಖನ ಆ ಮೇಜುಗಳನ್ನು ಕುರಿತದ್ದು.

ಹೊರಲಾಗುವಷ್ಟು ಮಾತ್ರ

1941ರ ಡಿಸೆಂಬರ್ 7ರಂದು ಜಪಾನ್ ದೇಶವು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ನಡೆಸಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿದ್ದ ಜಪಾನೀ ಮೂಲದ ರೈತರು, ಮೀನುಗಾರರು, ಅಂಗಡಿಕಾರರು ಒಂದೇ ದಿನದಲ್ಲಿ ನೆರೆಯವರ ಕಣ್ಣಿಗೆ ಶತ್ರುಗಳಾದರು. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ 9066ನೇ ಸಂಖ್ಯೆಯ ಕಾರ್ಯಾಂಗ ಆಜ್ಞೆಗೆ ಸಹಿ ಹಾಕಿದರು. ಆ ಆಜ್ಞೆಯಲ್ಲಿ ಜಪಾನೀಯರ ಹೆಸರೇ ಇರಲಿಲ್ಲ. ಗೊತ್ತುಪಡಿಸಿದ ಪ್ರದೇಶಗಳಿಂದ ಯಾರನ್ನು ಬೇಕಾದರೂ ಹೊರಹಾಕುವ ಅಧಿಕಾರವನ್ನು ಅದು ಸೈನ್ಯಕ್ಕೆ ಕೊಟ್ಟಿತ್ತು, ಅಷ್ಟೆ. ಯಾರನ್ನು ಹೊರಹಾಕಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಸುಮಾರು 1,20,000 ಜನರು ಹೀಗೆ ಮನೆ ಬಿಟ್ಟರು. ಅವರಲ್ಲಿ ಮೂರನೆಯ ಎರಡು ಪಾಲು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಯಾರ ಮೇಲೂ ಆರೋಪ ಹೊರಿಸಿರಲಿಲ್ಲ, ಯಾರ ವಿಚಾರಣೆಯೂ ನಡೆದಿರಲಿಲ್ಲ. ಕೈಯಲ್ಲಿ ಹೊರಲಾಗುವಷ್ಟು ಸಾಮಾನನ್ನು ಮಾತ್ರ ತರಬಹುದೆಂದು ಅಪ್ಪಣೆಯಾಯಿತು. ಹೊಲ, ದೋಣಿ, ಅಂಗಡಿ, ಪೀಠೋಪಕರಣಗಳು ಸಿಕ್ಕಿದ ಬೆಲೆಗೆ ಹೋದವು. ಮಾರಲಾಗದವು ಹಿಂದೆ ಉಳಿದವು. ಮೊದಲ ಕೆಲವು ತಿಂಗಳು ಅನೇಕ ಕುಟುಂಬಗಳು ಕುದುರೆ ಪಂದ್ಯದ ಮೈದಾನಗಳ ಲಾಯಗಳಲ್ಲಿ ವಾಸಿಸಿದವು. ಅನಂತರ ಅವರನ್ನು ಕ್ಯಾಲಿಫೋರ್ನಿಯಾದ ಮಂಜನಾರ್, ಯೂಟಾದ ಟೋಪಾಜ್, ಐಡಾಹೋದ ಮಿನಿಡೋಕಾ ಮುಂತಾದ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಬಹುಪಾಲು ಶಿಬಿರಗಳು ಮರುಭೂಮಿಯ ಗಾಳಿ, ಧೂಳು, ಚಳಿಗಳ ನಡುವೆ ಇದ್ದವು. ಸುತ್ತಲೂ ಮುಳ್ಳುತಂತಿ, ಕಾವಲು ಗೋಪುರ.

ವಾಸಕ್ಕೆ ಕೊಟ್ಟದ್ದು ಹಸಿ ಮರದ ಹಲಗೆ ಬಡಿದು, ಮೇಲೆ ಡಾಂಬರು ಕಾಗದ ಹೊದಿಸಿದ ಉದ್ದನೆಯ ಕೊಟ್ಟಿಗೆಗಳು. ಮಂಜನಾರಿನಲ್ಲಿ ಅವು 20 ಅಡಿ ಅಗಲ, 100 ಅಡಿ ಉದ್ದ. ಒಂದನ್ನು ನಾಲ್ಕಾಗಿ ಪಾಲು ಮಾಡಿದರೆ ಸಿಗುವ 20ಕ್ಕೆ 25 ಅಡಿಯ ಕೋಣೆಯಲ್ಲಿ ಎಂಟು ಜನರವರೆಗೆ ಇರಬೇಕಿತ್ತು. ಸರಕಾರ ಒದಗಿಸಿದ ಸೌಕರ್ಯ ಇಷ್ಟು: ಸೈನ್ಯದ ಮಂಚಗಳು, ಹೊದಿಕೆ, ಹುಲ್ಲು ತುಂಬಿದ ಹಾಸಿಗೆ ಚೀಲ, ಒಂದು ಒಲೆ, ಸೂರಿನಿಂದ ತೂಗುವ ಒಂದು ವಿದ್ಯುದ್ದೀಪ. ಮೇಜಿರಲಿಲ್ಲ, ಕುರ್ಚಿಯಿರಲಿಲ್ಲ, ಬಟ್ಟೆಯಿಡಲು ಒಂದು ಗೂಟವೂ ಇರಲಿಲ್ಲ. ಹಸಿ ಹಲಗೆಗಳು ಒಣಗುತ್ತಾ ಕುಗ್ಗಿದಂತೆ ನೆಲದಲ್ಲಿ ಬಿರುಕು ಬಿಟ್ಟು, ಗಂಟುಗಳು ಉದುರಿ, ಆ ತೂತುಗಳಿಂದ ಧೂಳು ಒಳಗೆ ನುಗ್ಗುತ್ತಿತ್ತು. ಜನರು ಡಬ್ಬಿಗಳ ತಗಡಿನ ಮುಚ್ಚಳಗಳನ್ನು ಬಡಿದು ಆ ತೂತುಗಳನ್ನು ಮುಚ್ಚಿದರು. ಶಿಬಿರದ ಮರಗೆಲಸ ಮೊದಲಾದದ್ದು ಹೀಗೆ.

ಕತ್ತಲಲ್ಲಿ ಹೊತ್ತ ಹಲಗೆಗಳು

ಜನರು ಬಂದಿಳಿಯುವ ಹೊತ್ತಿಗೆ ಅನೇಕ ಶಿಬಿರಗಳ ನಿರ್ಮಾಣ ಇನ್ನೂ ನಡೆದೇ ಇತ್ತು. ಕೊಟ್ಟಿಗೆಗಳ ನಡುವೆ ಕತ್ತರಿಸಿ ಬಿಸಾಡಿದ ಮರದ ರಾಶಿಗಳು ಬಿದ್ದಿದ್ದವು. ಸುದ್ದಿ ಹರಡುತ್ತಲೇ ಹಿರಿಯರು, ಹೆಂಗಸರು, ಮಕ್ಕಳೆನ್ನದೆ ಎಲ್ಲರೂ ಅತ್ತ ಓಡುತ್ತಿದ್ದರು. ಕೆಲವು ಕಡೆ ಆ ರಾಶಿಗೂ ಕಾವಲಿತ್ತು. ಅಲ್ಲಿ ಜನ ಕತ್ತಲಾಗುವವರೆಗೆ ಕಾದರು. ಮಿನೆ ಒಕುಬೋ ಎಂಬ ಚಿತ್ರಕಲಾವಿದೆ ತನ್ನ ತಮ್ಮನೊಡನೆ ಮೊದಲು ಟ್ಯಾನ್‌ಫೊರಾನ್ ಎಂಬ ಕುದುರೆ ಲಾಯದಲ್ಲಿ, ಬಳಿಕ ಟೋಪಾಜ್ ಶಿಬಿರದಲ್ಲಿ ಬಂಧಿಯಾಗಿದ್ದಳು. ಶಿಬಿರವಾಸಿಗಳ ಕ್ಯಾಮೆರಾಗಳನ್ನು ಸರಕಾರ ನಿಷೇಧಿಸಿದ್ದುದರಿಂದ ಆಕೆ ಕಂಡದ್ದನ್ನೆಲ್ಲ ರೇಖಾಚಿತ್ರಗಳಲ್ಲಿ ದಾಖಲಿಸಿ 1946ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಆಕೆಯ ಕುಟುಂಬಕ್ಕೆ ಸರಕಾರ ಕೊಟ್ಟ ಸಂಖ್ಯೆ 13660. ಪುಸ್ತಕದ ಹೆಸರಿನಲ್ಲಿಯೂ ಆ ಸಂಖ್ಯೆಯೇ ಇದೆ. ಹಲಗೆಗಳಿಗಾಗಿ ಜನರು ನಡೆಸಿದ ಈ ಪರದಾಟವೂ ಆ ಚಿತ್ರಗಳಲ್ಲಿದೆ.

ಇದು ಕಳ್ಳತನವಲ್ಲವೇ ಎಂದು ಯಾರಾದರೂ ಕೇಳಬಹುದು. ತೀರಾ ತುರ್ತಿನ ಅಗತ್ಯದಲ್ಲಿ ಬಿದ್ದವನು ತನಗೆ ಬೇಕಾದುದನ್ನು ತೆಗೆದುಕೊಂಡರೆ ಅದು ಕಳವೆನಿಸದು ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿಯೇ ವಾದಿಸಿದ್ದರು. ಆ ತರ್ಕ ಇಲ್ಲಿ ಅಗತ್ಯವೂ ಇಲ್ಲವೆನ್ನಬೇಕು. ಇಡೀ ಮನೆಯನ್ನೇ ಕಳೆದುಕೊಂಡವರು ಬಿಸಾಡಿದ ನಾಲ್ಕು ಹಲಗೆಗಳನ್ನು ಹೊತ್ತೊಯ್ದರು. ಯಾರು ಯಾರಿಂದ ಏನನ್ನು ತೆಗೆದುಕೊಂಡರೆಂಬ ಲೆಕ್ಕ ಸರಳವಾದುದು.

ಉಪಕರಣಗಳ ಕೊರತೆ ಮರದ ಕೊರತೆಗಿಂತ ದೊಡ್ಡದಾಗಿತ್ತು. ನೆಲದಲ್ಲಿ ಬಿದ್ದಿದ್ದ ಸೊಟ್ಟ ಮೊಳೆಗಳನ್ನು ಆಯ್ದು, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದರು. ಲೋಹದ ಚೂರುಗಳನ್ನು ಉಜ್ಜಿ ಚಾಕುಗಳನ್ನು ಮಾಡಿಕೊಂಡರು. ಕೆಲವರು ಅಂಚೆಯ ಮೂಲಕ ಗರಗಸ, ಉಳಿಗಳನ್ನು ತರಿಸಿಕೊಂಡರು. ಅಡುಗೆಮನೆಗೆ ತರಕಾರಿ, ಹಣ್ಣು ಬರುತ್ತಿದ್ದ ಪೆಟ್ಟಿಗೆಗಳು ತೆಳು ಹಲಗೆಯ ಮೂಲವಾದವು. ಬೌದ್ಧ ಕುಟುಂಬಗಳು ಪಿತೃಗಳನ್ನು ಸ್ಮರಿಸುವ ಮನೆಯ ಪೂಜಾಪೀಠಗಳನ್ನು ಕೂಡ ಇದೇ ಮರದಿಂದ ಮಾಡಿಕೊಂಡವು.

ಡ್ರಾಯರಿನ ಪ್ರಶ್ನೆ

ಒರಟು ಮೇಜನ್ನು ಮಾಡುವುದು ಕಷ್ಟವಲ್ಲ. ನಾಲ್ಕು ಕಾಲು, ಅವನ್ನು ಹಿಡಿದಿಡುವ ನಾಲ್ಕು ಪಟ್ಟಿ, ಮೇಲೆ ಹಾಸಿದ ಹಲಗೆಗಳು ಇದ್ದರೆ ಸಾಕು. ಸ್ವಲ್ಪ ವಾಲಿದರೂ ಕೆಲಸ ನಡೆಯುತ್ತದೆ. ಡ್ರಾಯರು ಹಾಗಲ್ಲ. ಅದು ಮೇಜಿನೊಳಗೆ ಓಡಾಡುವ ಒಂದು ಪೆಟ್ಟಿಗೆ. ಅದರ ನಾಲ್ಕು ಮೂಲೆಗಳೂ ನೇರವಾಗಿರಬೇಕು, ಎರಡು ಬದಿಗಳೂ ಒಂದೇ ಸಮವಾಗಿರಬೇಕು, ಜಾರುವ ಪಟ್ಟಿಗಳು ಸಮಾನಾಂತರವಾಗಿರಬೇಕು. ಒಂದು ನೂಲಿನಷ್ಟು ವ್ಯತ್ಯಾಸವಾದರೂ ಅದು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಮರವಾದರೋ ಗಾಳಿಯ ತೇವಕ್ಕೆ ತಕ್ಕಂತೆ ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಆಷಾಢದ ಮಳೆಗೆ ಉಬ್ಬಿಕೊಂಡು ಜಪ್ಪಯ್ಯ ಅಂದರೂ ಹೊರಗೆ ಬಾರದ ಡ್ರಾಯರುಗಳನ್ನು ಎಳೆದಾಡಿದವರಿಗೆ ಇದು ಗೊತ್ತು. ಮರುಭೂಮಿಯಲ್ಲಿ ಕಷ್ಟ ಇದಕ್ಕೆ ವಿರುದ್ಧವಾದುದು: ಇಂದು ಅಳತೆಗೆ ಕೂತ ಹಸಿ ಹಲಗೆ ಬೇಸಿಗೆಯಲ್ಲಿ ಒಣಗಿ ಸಡಿಲವಾಗುತ್ತದೆ, ತಿರುಚಿಕೊಳ್ಳುತ್ತದೆ. ಆದುದರಿಂದ ಬೇರೆ ಬೇರೆ ಮರದ ಚೂರುಗಳಿಂದ ಸರಾಗವಾಗಿ ಓಡುವ ಡ್ರಾಯರನ್ನು ಮಾಡಲು ಕೈಚಳಕವೂ ಬೇಕು, ತಾಳ್ಮೆಯೂ ಬೇಕು.

ಅಷ್ಟು ಕಷ್ಟಪಟ್ಟು ಡ್ರಾಯರು ಏಕೆ ಬೇಕಿತ್ತು? ಶಿಬಿರದ ಬದುಕನ್ನು ನೆನೆದರೆ ಉತ್ತರ ತಾನಾಗಿಯೇ ಸಿಗುತ್ತದೆ. ಕೋಣೆಗಳ ನಡುವಿನ ಗೋಡೆಗಳು ಅನೇಕ ಕಡೆ ಸೂರಿಗೆ ತಾಗುತ್ತಿರಲಿಲ್ಲ. ಪಕ್ಕದ ಮನೆಯ ಕೆಮ್ಮು, ಜಗಳ, ಮಗುವಿನ ಅಳು ಎಲ್ಲವೂ ಕೇಳುತ್ತಿದ್ದವು. ಊಟಕ್ಕೆ ನೂರಾರು ಜನರ ಸಾಲು. ಸ್ನಾನ, ಶೌಚಗಳೂ ಸಾಮೂಹಿಕ. ಮೊದಮೊದಲು ಶೌಚಗಳ ನಡುವೆ ಮರೆಯೂ ಇರಲಿಲ್ಲ. ಹೆಂಗಸರು ನಡುರಾತ್ರಿಯವರೆಗೆ ಕಾದು ಹೋಗುತ್ತಿದ್ದರು. ಯಾವುದೂ ಮುಚ್ಚಿಡಲಾಗದ ಆ ಜಾಗದಲ್ಲಿ ಮುಚ್ಚಬಹುದಾದ ಒಂದು ಅಡಿ ಅಗಲದ ಪೆಟ್ಟಿಗೆಯೆಂದರೆ ಮನುಷ್ಯನಿಗೆ ಉಳಿದ ಏಕಾಂತ. ಕಾಗದ, ಪತ್ರ, ಬಿಟ್ಟು ಬಂದ ಮನೆಯ ಬೀಗದ ಕೈ, ತೀರಿಕೊಂಡವರ ಭಾವಚಿತ್ರ ಮುಂತಾದವನ್ನು ಇಟ್ಟು ಮುಚ್ಚಲು ಅಂಥದೊಂದು ಜಾಗವಿರಬೇಕು. ಸೈನ್ಯವು ಹೆಸರಿನ ಬದಲು ಸಂಖ್ಯೆ ಕೊಟ್ಟಿದ್ದ ಜನರಿಗೆ, ಇದು ನನ್ನದು ಎಂದು ಹೇಳಿಕೊಳ್ಳಲು ಅಷ್ಟಾದರೂ ಬೇಕಿತ್ತು.

ಮಕ್ಕಳ ವಿಷಯವೂ ಇತ್ತು. 1942ರ ಶರತ್ಕಾಲದಲ್ಲಿ ಶಿಬಿರಗಳಲ್ಲಿ ಶಾಲೆಗಳು ಆರಂಭವಾದಾಗ ಅನೇಕ ತರಗತಿಗಳಲ್ಲಿ ಡೆಸ್ಕುಗಳಿರಲಿಲ್ಲ. ಮಕ್ಕಳು ನೆಲದ ಮೇಲೆ ಕುಳಿತು ಪಾಠ ಕೇಳಿದರು. ಅಪ್ಪ ಮಾಡಿಕೊಟ್ಟ ಮೇಜಿನ ಮುಂದೆ ಸಂಜೆ ಕುಳಿತ ಮಗು ಅಮೆರಿಕದ ಸ್ವಾತಂತ್ರ್ಯದ ಇತಿಹಾಸವನ್ನೇ ಓದಬೇಕಿತ್ತು. 1943ರ ಆರಂಭದಲ್ಲಿ ಸರಕಾರವು ವಯಸ್ಕರೆಲ್ಲರಿಗೂ ಒಂದು ಪ್ರಶ್ನಾವಳಿಯನ್ನು ಹಂಚಿತು. ಸೈನ್ಯದಲ್ಲಿ ಸೇವೆ ಸಲ್ಲಿಸಲು ಸಿದ್ಧರೇ ಎಂದು 27ನೆಯ ಪ್ರಶ್ನೆ ಯುವಕರನ್ನು ಕೇಳಿತು. ಜಪಾನಿನ ಚಕ್ರವರ್ತಿಗೆ ನಿಷ್ಠೆಯನ್ನು ತೊರೆಯುವಿರೇ ಎಂದು 28ನೆಯದು ಕೇಳಿತು. ಎಂದೂ ಇರದ ನಿಷ್ಠೆಯನ್ನು ತೊರೆಯುವುದು ಹೇಗೆ? ಆ ಪ್ರಶ್ನೆಗಳ ಮುಂದೆ ಮನೆಗಳು ಒಡೆದವು. ಎಷ್ಟೋ ಯುವಕರು ಮುಳ್ಳುತಂತಿಯ ಒಳಗಿನಿಂದಲೇ ಸೈನ್ಯಕ್ಕೆ ಸೇರಿ ಯುರೋಪಿನ ರಣರಂಗಕ್ಕೆ ಹೋದರು.

ಮಿನಿಡೋಕಾದ ಗುರುಶಿಷ್ಯರು

ಈ ಹೆಸರಿಲ್ಲದ ಬಡಗಿಗಳ ನಡುವೆ ಒಬ್ಬರ ಹೆಸರು ಮಾತ್ರ ಮುಂದೆ ಲೋಕಪ್ರಸಿದ್ಧವಾಯಿತು. ಅವರ ಬದುಕು ಭಾರತವನ್ನೂ ಹಾದು ಹೋಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾರ್ಜ್ ನಕಾಶಿಮಾ 1905ರಲ್ಲಿ ಅಮೆರಿಕದ ಸ್ಪೋಕೇನ್ ನಗರದಲ್ಲಿ ಜನಿಸಿದರು. ವಾಸ್ತುಶಿಲ್ಪ ಕಲಿತು, ಟೋಕಿಯೋದಲ್ಲಿ ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸಕ್ಕೆ ಸೇರಿದರು. ಪಾಂಡಿಚೇರಿಯ ಅರವಿಂದಾಶ್ರಮದ 'ಗೋಲ್ಕೊಂಡ' ಎಂಬ ವಸತಿಗೃಹದ ನಿರ್ಮಾಣವನ್ನು ಸ್ಥಳದಲ್ಲಿದ್ದು ನೋಡಿಕೊಳ್ಳಲು ರೇಮಂಡ್ ಅವರನ್ನು ಕಳುಹಿಸಿದರು. ಅಲ್ಲಿ ಆಶ್ರಮವಾಸಿಯೇ ಆದ ನಕಾಶಿಮಾರಿಗೆ ಅರವಿಂದರು 'ಸುಂದರಾನಂದ' ಎಂಬ ಹೆಸರಿಟ್ಟರು. 1939ರಲ್ಲಿ ಪಾಂಡಿಚೇರಿಯನ್ನು ಬಿಟ್ಟ ಅವರು ಸಿಯಾಟಲ್ ನಗರಕ್ಕೆ ಬಂದು ಮರಗೆಲಸವನ್ನೇ ವೃತ್ತಿಯಾಗಿ ಆರಿಸಿಕೊಂಡರು. ಅಲ್ಲಿ ಜಪಾನೀ ಕಥೋಲಿಕರ ಸೇವೆಯಲ್ಲಿದ್ದ ಮೇರಿನೋಲ್ ಸಂಸ್ಥೆಯ ಫಾದರ್ ಲಿಯೋಪೋಲ್ಡ್ ಟಿಬೆಸರ್ ಅವರು ಬಾಲಕರ ಕ್ಲಬ್ಬಿನಲ್ಲಿ ಕಾರ್ಯಾಗಾರಕ್ಕೆ ಜಾಗ ಕೊಟ್ಟರು.

1942ರಲ್ಲಿ ನಕಾಶಿಮಾ ತಮ್ಮ ಪತ್ನಿ ಮತ್ತು ಹಸುಗೂಸು ಮಗಳೊಡನೆ ಮಿನಿಡೋಕಾ ಶಿಬಿರಕ್ಕೆ ಬಂದರು. ಫಾದರ್ ಟಿಬೆಸರ್ ಕೂಡ ತಮ್ಮ ಜನರನ್ನು ಹಿಂಬಾಲಿಸಿ ಬಂದು ಅಲ್ಲಿಯೇ ಸೇವೆ ಮುಂದುವರಿಸಿದರು. ಶಿಬಿರದಲ್ಲಿ ಗೆಂತಾರೋ ಹಿಕೋಗಾವಾ ಎಂಬ ಬಡಗಿಯಿದ್ದರು. ಅವರು ಜಪಾನಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ಪಳಗಿದವರು. ಉಳಿಕೆ ಮರ, ಮರುಭೂಮಿಯಲ್ಲಿ ಬೆಳೆಯುವ ಕುರುಚಲು ಗಿಡದ ಕಾಂಡ ಇವನ್ನೇ ಬಳಸಿ ಕೊಟ್ಟಿಗೆಯ ಕೋಣೆಯೊಂದನ್ನು ಮನುಷ್ಯರ ಮನೆಯಂತೆ ಮಾಡಿ ತೋರಿಸುವ ಕೆಲಸವನ್ನು ಇಬ್ಬರೂ ಕೂಡಿ ಕೈಗೊಂಡರು. ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದ ವಾಸ್ತುಶಿಲ್ಪಿ ಆ ಹಿರಿಯ ಬಡಗಿಯ ಶಿಷ್ಯನಾಗಿ ಉಳಿ ಹಿಡಿಯುವ ಬಗೆ, ಕಚ್ಚು ಕೊರೆಯುವ ಬಗೆ, ಹಲಗೆಯ ಗುಣವನ್ನು ನೋಡಿ ತಿಳಿಯುವ ಬಗೆಯನ್ನು ಕಲಿತರು.

ರೇಮಂಡ್ ಅವರ ಜಾಮೀನಿನ ಮೇಲೆ ನಕಾಶಿಮಾ 1943ರಲ್ಲಿ ಬಿಡುಗಡೆ ಹೊಂದಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಊರಿಗೆ ಬಂದು, ಮೊದಲು ರೇಮಂಡರ ತೋಟದಲ್ಲಿ ಕೋಳಿ ಸಾಕುತ್ತಾ, ಮುಂದೆ ಸ್ವಂತ ಕಾರ್ಯಾಗಾರ ಕಟ್ಟಿದರು. ಅವರ ಮೇಜುಗಳಲ್ಲಿ ಮರದ ಗಂಟನ್ನು ಮರೆಮಾಡುವುದಿಲ್ಲ. ಬಿರುಕು ಬಿಟ್ಟ ಹಲಗೆಯನ್ನು ಬಿಸಾಡುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಚಿಟ್ಟೆಯ ರೆಕ್ಕೆಯಾಕಾರದ ಮರದ ಬೆಣೆಯನ್ನು ಕೂರಿಸಿ, ಅದು ಎಲ್ಲರಿಗೂ ಕಾಣುವಂತೆ ಬಿಡುತ್ತಾರೆ. ಕ್ಯೋಟೋ ನಗರದ ಕತ್ಸುರಾದಲ್ಲಿ ಕ್ರಿಸ್ತರಾಜರ ದೇವಾಲಯವನ್ನು, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಬೆನೆಡಿಕ್ಟೈನ್ ಮಠದ ದೇವಾಲಯವನ್ನು ವಿನ್ಯಾಸಗೊಳಿಸಿದವರು ಅವರೇ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಪೀಠೋಪಕರಣಗಳನ್ನು ರೂಪಿಸಿದರು. ಖಂಡಕ್ಕೊಂದು ಶಾಂತಿಯ ಪೀಠವಿರಬೇಕೆಂಬುದು ಅವರ ಕೊನೆಯ ಕನಸು. ಮೊದಲನೆಯದನ್ನು 1986ರಲ್ಲಿ ನ್ಯೂಯಾರ್ಕಿನ ಒಂದು ಮಹಾದೇವಾಲಯದಲ್ಲಿ ಸ್ಥಾಪಿಸಿದರು. ಅವರು 1990ರಲ್ಲಿ ತೀರಿಕೊಂಡ ಬಳಿಕ ಇನ್ನೊಂದು ಪೀಠ ಆರೋವಿಲ್ಲಿಗೆ ಬಂದು ಸೇರಿತು.

ತೆರೆದ ಖಾನೆ

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಹಿತವಾದ ನೀತಿಪಾಠವಾದೀತು. ಆದರೆ ಸತ್ಯಕ್ಕೆ ಅಪಚಾರವಾದೀತು. ಒಳ್ಳೆಯ ಮೇಜು ಮಾಡಿದ್ದರಿಂದ ಸೆರೆವಾಸ ನ್ಯಾಯವಾಗಲಿಲ್ಲ. ಜಪಾನೀ ಭಾಷೆಯಲ್ಲಿ 'ಗಾಮಾನ್' ಎಂಬ ಪದವಿದೆ: ಕುಗ್ಗದೆ, ಗೊಣಗದೆ ಕಷ್ಟವನ್ನು ತಾಳಿಕೊಳ್ಳುವುದು ಎಂದರ್ಥ. ಶಿಬಿರದ ಮರಗೆಲಸವನ್ನು ಆ ಪದದಿಂದ ಕೊಂಡಾಡುವುದುಂಟು. ಆದರೆ 1942ರ ಡಿಸೆಂಬರಿನಲ್ಲಿ ಮಂಜನಾರಿನ ಜನರು ಪ್ರತಿಭಟಿಸಿದಾಗ ಸೈನಿಕರು ಗುಂಡು ಹಾರಿಸಿ ಇಬ್ಬರು ಯುವಕರು ಸತ್ತರೆಂಬುದೂ ಇತಿಹಾಸವೇ. ತಾಳ್ಮೆಯು ಸಹಿಸುವವನ ಸದ್ಗುಣ. ಸಹಿಸುವಂತೆ ಮಾಡಿದವನು ಅದನ್ನು ಹೊಗಳಿ ತನ್ನ ಹೊಣೆಯಿಂದ ಪಾರಾಗಬಾರದು.

ಯುದ್ಧ ಮುಗಿದು ಶಿಬಿರಗಳು ಮುಚ್ಚಿದಾಗ ಹೊರಡುವವರಿಗೆ ಸರಕಾರ ಕೊಟ್ಟದ್ದು 25 ಡಾಲರ್ ಮತ್ತು ಪ್ರಯಾಣದ ಟಿಕೆಟ್. ಭಾರವಾದ ಮೇಜುಗಳಲ್ಲಿ ಎಷ್ಟೋ ಅಲ್ಲಿಯೇ ಉಳಿದವು. ಮಿನಿಡೋಕಾದ ಕೊಟ್ಟಿಗೆಗಳನ್ನು ಯುದ್ಧದಿಂದ ಮರಳಿದ ಸೈನಿಕರಿಗೆ ಜಮೀನಿನೊಡನೆ ಹಂಚಲಾಯಿತು. ಅವರು ಅವನ್ನು ಸಾಗಿಸಿ ಮನೆ, ಕೊಟ್ಟಿಗೆಗಳನ್ನು ಮಾಡಿಕೊಂಡರು. ಶಿಬಿರವಾಸಿಗಳು ಊರಿಗೆ ಮರಳಿ ಮೌನ ತಾಳಿದರು. ತಮ್ಮ ಮಕ್ಕಳಿಗೂ ಏನನ್ನೂ ಹೇಳದ ತಂದೆತಾಯಿಗಳು ಬಹಳ. ಇಡೀ ಸಮುದಾಯವೇ ತನ್ನ ನೆನಪನ್ನು ಒಂದು ಖಾನೆಯಲ್ಲಿಟ್ಟು ಮುಚ್ಚಿದಂತಾಯಿತು.

ಆ ಖಾನೆ ತೆರೆದದ್ದು ಸುಮಾರು 40 ವರ್ಷಗಳ ನಂತರ. 1980ರಲ್ಲಿ ಅಮೆರಿಕದ ಸಂಸತ್ತು ನೇಮಿಸಿದ ಆಯೋಗದ ಮುಂದೆ 750ಕ್ಕೂ ಹೆಚ್ಚು ಜನರು ಸಾಕ್ಷಿ ನುಡಿದರು. ಜನಾಂಗದ್ವೇಷ, ಯುದ್ಧೋನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಈ ಮೂರೇ ಆ ಆಜ್ಞೆಗೆ ಕಾರಣವೆಂದು ಆಯೋಗ 1983ರಲ್ಲಿ ತೀರ್ಮಾನಿಸಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನ ಮೂಲಕ ರಾಷ್ಟ್ರವು ಕ್ಷಮೆ ಕೇಳಿ, ಆಗ ಬದುಕಿದ್ದ ಪ್ರತಿಯೊಬ್ಬ ಸಂತ್ರಸ್ತರಿಗೆ 20,000 ಡಾಲರ್ ಪರಿಹಾರ ನೀಡಿತು. ಮೇಜುಗಳನ್ನು ಮಾಡಿದ ಹಿರಿಯ ತಲೆಮಾರಿನ ಬಹುಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಆಲನ್ ಈಟನ್ ಎಂಬ ಕರಕುಶಲ ಕಲೆಗಳ ವಿದ್ವಾಂಸರು ಶಿಬಿರಗಳ ಕರಕುಶಲ ವಸ್ತುಗಳನ್ನು ಸಂಗ್ರಹಿಸಿ 1952ರಲ್ಲಿ ಒಂದು ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದವರು ರೂಸ್‌ವೆಲ್ಟರ ಪತ್ನಿ ಎಲೀನರ್. ಪ್ರದರ್ಶನದಲ್ಲಿ ಇಡಲೆಂದು ನಂಬಿ ಶಿಬಿರವಾಸಿಗಳು ಈಟನ್ನರಿಗೆ ಕೊಟ್ಟಿದ್ದ ವಸ್ತುಗಳು ಕೈಯಿಂದ ಕೈಗೆ ಸಾಗಿ 2015ರ ಏಪ್ರಿಲಿನಲ್ಲಿ ಹರಾಜಿಗೆ ಬಂದವು. ಮಾಡಿದವರ ಮಕ್ಕಳು, ಮೊಮ್ಮಕ್ಕಳು ಒಂದಾಗಿ ಪ್ರತಿಭಟಿಸಿದರು. ತಮ್ಮ ಹಿರಿಯರ ಸಂಕಟಕ್ಕೆ ಬೆಲೆ ಕಟ್ಟುವುದನ್ನು ಅವರು ಒಪ್ಪಲಿಲ್ಲ. ಹರಾಜು ರದ್ದಾಗಿ ಆ ಸಂಗ್ರಹ ಲಾಸ್ ಏಂಜಲಿಸಿನ ಜಪಾನೀ ಅಮೆರಿಕನ್ ರಾಷ್ಟ್ರೀಯ ಸಂಗ್ರಹಾಲಯವನ್ನು ಸೇರಿತು. ಒಂದು ಕಾಲದಲ್ಲಿ ಕಸದ ರಾಶಿಯಿಂದ ಆಯ್ದುಕೊಂಡ ಮರ ಹೀಗೆ ಸಾಕ್ಷಿಯಾಗಿ ಉಳಿಯಿತು.

ಅಂಗಳದ ಮೂಲೆಯ ರಾಶಿಗೆ ಮತ್ತೊಮ್ಮೆ ಬರೋಣ. ಅಲ್ಲಿ ಬಿದ್ದಿರುವ ಹಲಗೆಯೂ ಮನೆಗೆ ಬಳಸಿದ ಹಲಗೆಯೂ ಒಂದೇ ಮರದವು. ಮನೆಯ ನಕ್ಷೆ ಹಾಕಿದವರು ಈ ಹಲಗೆಗೆ ಜಾಗ ಇಡಲಿಲ್ಲ, ಅದಕ್ಕಾಗಿ ಅದು ಉಳಿಕೆಯಾಯಿತು. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ ಆಗುತ್ತದೆ. ಭಯದ ಕಾಲದಲ್ಲಿ ಒಂದು ದೇಶ, ಒಂದು ಊರು, ಒಮ್ಮೊಮ್ಮೆ ಒಂದು ಧರ್ಮಸಭೆಯೂ ತನ್ನ ನಕ್ಷೆಯನ್ನು ಕಿರಿದುಗೊಳಿಸಿ, ನಿನ್ನೆಯವರೆಗೆ ನೆರೆಯವನಾಗಿದ್ದವನನ್ನು ಉಳಿಕೆಯ ರಾಶಿಗೆ ಸೇರಿಸುತ್ತದೆ. ಅಂತಹ ಹೊತ್ತಿನಲ್ಲಿ ಆ ರಾಶಿಯ ಬಳಿ ನಿಂತು, ಒಂದೊಂದೇ ತುಂಡನ್ನು ಕೈಗೆತ್ತಿಕೊಂಡು ನೋಡುವ ಬಡಗಿಯ ಕಣ್ಣು ನಮಗೆ ಬೇಕಾಗಿದೆ. ಅದಕ್ಕಿಂತ ಮೊದಲು, ನಕ್ಷೆ ಹಾಕುವಾಗಲೇ ಎಲ್ಲರಿಗೂ ಜಾಗವಿಟ್ಟೆವೇ ಎಂದು ಕೇಳಿಕೊಳ್ಳುವುದು ಲೇಸು.